ವ್ಯಾಧಿಸ್ಥನಿಗೆ ಶಿಖರವೇಕೆ?



ನಮ್ಮ ಮನೆಗಳಲ್ಲಿ ಯಾರಿಗಾದರೂ ಒಂದು ದೀರ್ಘವ್ಯಾಧಿ ಅಂಟಿಕೊಂಡಿತೆಂದರೆ, ವೈದ್ಯರ ಚೀಟಿಯ ಹಿಂದೆಯೇ ಬಂಧುಗಳ ಅಪ್ಪಣೆಯೂ ಬಂದುಬಿಡುತ್ತದೆ: "ಇನ್ನು ಎಲ್ಲಿಗೂ ಹೋಗಬೇಡ, ಮನೆಯಲ್ಲಿ ನೆಮ್ಮದಿಯಾಗಿರು." ಈ ಮಾತಿನಲ್ಲಿ ಪ್ರೀತಿಯುಂಟು, ಅದನ್ನು ನಾನು ಅಲ್ಲಗಳೆಯಲಾರೆ. ನಾನೇ ಈ ಮಾತನ್ನು ಆಡಿದವನು. ಆಡಿ, ಅದರ ಫಲವನ್ನು ಕಂಡವನು. ಆದುದರಿಂದಲೇ, ಪ್ರೀತಿಯಿಂದ ಹುಟ್ಟಿದ ನಿಷೇಧವು ಯಾವಾಗಲೂ ಧರ್ಮಸಮ್ಮತವಾಗಿರುತ್ತದೆಯೆ ಎಂಬ ಪ್ರಶ್ನೆಯನ್ನು ತಮ್ಮ ಮುಂದೆ ಇಡಲು ಬಯಸುತ್ತೇನೆ. ನಾನು ಪಂಡಿತನಲ್ಲ. ಮಠದ ಪ್ರಸಾದನಿಲಯದಲ್ಲಿ ಉಂಡು ಓದಿ, ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಪಾಠ ಹೇಳಿ, ಈಗ ವಿಶ್ರಾಂತನಾಗಿರುವ ಒಬ್ಬ ಮೇಷ್ಟ್ರು. ತಪ್ಪಿದ್ದರೆ ಬಲ್ಲವರು ತಿದ್ದಬೇಕು.

ನನ್ನ ತಂಗಿಯ ಮಗನಿಗೆ ಹದಿಮೂರನೆಯ ವಯಸ್ಸಿನಲ್ಲಿ ಮಧುಮೇಹ ಬಂದಿತು. ಒಂದು ಬೇಸಗೆಯಲ್ಲಿ ಹುಡುಗ ಕೊಡಗಟ್ಟಲೆ ನೀರು ಕುಡಿಯತೊಡಗಿದ. ರಾತ್ರಿ ನಾಲ್ಕಾರು ಸಲ ಎದ್ದು ಹೊರಗೆ ಹೋಗುತ್ತಿದ್ದ. ಉಂಡದ್ದು ಮೈಗೆ ಹತ್ತದೆ ತಿಂಗಳೊಪ್ಪತ್ತಿನಲ್ಲಿ ಕಡ್ಡಿಯಂತಾದ. ದೃಷ್ಟಿಯಾಗಿದೆಯೆಂದು ನೀವಳಿಸಿದ್ದಾಯಿತು. ಜಂತುವೆಂದು ಔಷಧಿ ಕುಡಿಸಿದ್ದಾಯಿತು. ಕೊನೆಗೆ ವಾಂತಿ ಹಿಡಿದು, ಉಸಿರು ಏದುಸಿರಾಗಿ, ಎಚ್ಚರ ತಪ್ಪುವ ಹೊತ್ತಿಗೆ ಆಸ್ಪತ್ರೆ ಸೇರಿಸಿದೆವು. ಮಗು ಉಳಿಯಿತು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸದೆ ಮುಂದೆ ಹೋಗುವಂತಿಲ್ಲ. ನಮ್ಮಲ್ಲಿ ಐವತ್ತು ದಾಟಿದವರಲ್ಲಿ ಅನೇಕರು 'ನನಗೂ ಸಕ್ಕರೆ ಇದೆ' ಎನ್ನುತ್ತಾರೆ. ಅದು ಬೇರೆ, ಇದು ಬೇರೆ. ಹಿರಿಯರಲ್ಲಿ ಸಾಮಾನ್ಯವಾಗಿ ಕಾಣುವ ಬಗೆಯಲ್ಲಿ ದೇಹವು ಇನ್ಸುಲಿನ್ನನ್ನು ತಯಾರಿಸುತ್ತಿರುತ್ತದೆ, ಆದರೆ ಅದು ಸಾಲದು ಅಥವಾ ಸರಿಯಾಗಿ ಕೆಲಸಮಾಡದು. ಪಥ್ಯ, ನಡಿಗೆ, ಮಾತ್ರೆಗಳಿಂದ ಬಹುಮಂದಿ ಕಾಲ ಕಳೆಯುತ್ತಾರೆ. ಟೈಪ್ ಒನ್ ಎಂದು ಕರೆಯುವ ಬಗೆಯಲ್ಲಿ ಹಾಗಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ದಾರಿತಪ್ಪಿ, ಮೇದೋಜೀರಕಾಂಗದಲ್ಲಿ ಇನ್ಸುಲಿನ್ ಹುಟ್ಟಿಸುವ ಜೀವಕೋಶಗಳನ್ನು ನಾಶಮಾಡಿಬಿಡುತ್ತದೆ. ಇದು ತಿಂದ ಸಿಹಿಯ ಫಲವಲ್ಲ, ತಾಯಿತಂದೆಯರ ಅಲಕ್ಷ್ಯದ ಫಲವೂ ಅಲ್ಲ. ಅಂದಿನಿಂದ ಆ ಜೀವವು ಬದುಕಿರುವಷ್ಟು ದಿನವೂ ಹೊರಗಿನಿಂದ ಇನ್ಸುಲಿನ್ ಪಡೆಯಬೇಕು. ಕಷಾಯದಿಂದಾಗಲಿ ಹಾಗಲಕಾಯಿಯ ರಸದಿಂದಾಗಲಿ ಆ ಸ್ಥಾನ ತುಂಬದು. ಈ ಮಾತನ್ನು ನಂಬದೆ ಸೂಜಿ ಬಿಡಿಸಿ ಮಕ್ಕಳನ್ನು ಕಳೆದುಕೊಂಡ ತಂದೆತಾಯಿಗಳು ಉಂಟು. ಆದುದರಿಂದ ಕಟುವಾಗಿಯೇ ಹೇಳಿದ್ದೇನೆ.

ಆ ಔಷಧಿಯ ಚರಿತ್ರೆಯೂ ತಿಳಿದಿರಬೇಕಾದುದೆ. 1921ಕ್ಕೆ ಮೊದಲು ಈ ರೋಗ ಬಂದ ಮಗುವಿಗೆ ಸಾವು ನಿಶ್ಚಿತ. ಅನ್ನವನ್ನು ಕಡಿಮೆಮಾಡಿ, ಹಸಿವಿನಲ್ಲಿಟ್ಟು, ಕೆಲವು ತಿಂಗಳು ಇಲ್ಲವೆ ಒಂದೆರಡು ವರ್ಷ ಆಯುಷ್ಯವನ್ನು ಎಳೆಯುವುದೇ ವೈದ್ಯಕೀಯವಾಗಿತ್ತು. ಕೆನಡಾ ದೇಶದ ಟೊರಾಂಟೋ ನಗರದಲ್ಲಿ ಬ್ಯಾಂಟಿಂಗ್, ಬೆಸ್ಟ್, ಮ್ಯಾಕ್ಲಿಯಡ್, ಕಾಲಿಪ್ ಎಂಬವರ ಶ್ರಮದಿಂದ ಇನ್ಸುಲಿನ್ ದೊರೆಯಿತು. 1922ರ ಜನವರಿಯಲ್ಲಿ ಲಿಯೋನಾರ್ಡ್ ಥಾಂಪ್ಸನ್ ಎಂಬ ಹದಿನಾಲ್ಕು ವರ್ಷದ ಬಾಲಕನಿಗೆ ಅದನ್ನು ಮೊದಲ ಬಾರಿ ಚುಚ್ಚಲಾಯಿತು. ಅದರ ಹಕ್ಕನ್ನು ಬ್ಯಾಂಟಿಂಗ್, ಬೆಸ್ಟ್, ಕಾಲಿಪ್ ಅವರು ವಿಶ್ವವಿದ್ಯಾನಿಲಯಕ್ಕೆ ತಲಾ ಒಂದು ಡಾಲರಿಗೆ ಬಿಟ್ಟುಕೊಟ್ಟರು. ದಾಸೋಹವೆಂಬ ಮಾತಿನ ಅರ್ಥವನ್ನು ಬಲ್ಲ ನಮಗೆ ಆ ಒಂದು ಡಾಲರಿನ ಬೆಲೆ ವಿವರಿಸಬೇಕಾಗಿಲ್ಲ. (ಆಗಿನ ಇನ್ಸುಲಿನ್ ದನ ಮತ್ತು ಹಂದಿಗಳ ಅಂಗದಿಂದ ತೆಗೆದದ್ದೆಂಬುದು ನಮ್ಮ ಅನೇಕ ಮನೆಗಳಲ್ಲಿ ಸಂಕೋಚಕ್ಕೆ ಕಾರಣವಾಗಿತ್ತು. ಸೂಕ್ಷ್ಮಜೀವಿಗಳಿಂದ ತಯಾರಿಸಿದ ಇನ್ಸುಲಿನ್ 1982ರಲ್ಲಿ ಬಳಕೆಗೆ ಬಂದ ಮೇಲೆ ಆ ಪ್ರಶ್ನೆ ಕ್ರಮೇಣ ಹಿಂದೆ ಸರಿಯಿತು. ಬೇರೆ ದಾರಿಯಿಲ್ಲದ ಕಾಲದಲ್ಲಿಯೂ ಜೀವ ಉಳಿಸುವುದೇ ಆಚಾರವೆಂದು ನನ್ನ ಮತ.)

ಅದೇ ವರ್ಷದ ಆಗಸ್ಟಿನಲ್ಲಿ ಬ್ಯಾಂಟಿಂಗರ ಬಳಿಗೆ ಎಲಿಜಬೆತ್ ಹ್ಯೂಸ್ ಎಂಬ ಹುಡುಗಿಯನ್ನು ಕರೆತಂದರು. ಆಕೆಯ ತಂದೆ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ. ಹದಿನೈದು ವಯಸ್ಸಿನ ಹತ್ತಿರ ಬಂದಿದ್ದ ಆಕೆಯ ತೂಕ ಸುಮಾರು ಇಪ್ಪತ್ತು ಕಿಲೋ. ಆಕೆ ಬದುಕಿದಳು, ಮದುವೆಯಾದಳು, ಮೂರು ಮಕ್ಕಳ ತಾಯಿಯಾದಳು, 1981ರಲ್ಲಿ ತೀರಿಕೊಂಡಳು. ಆಕೆ ಜೀವಮಾನದಲ್ಲಿ ಪಡೆದ ಚುಚ್ಚುಮದ್ದು ನಲವತ್ತು ಸಾವಿರವನ್ನು ಮೀರಿತ್ತು. ಆದರೆ ತನ್ನ ವ್ಯಾಧಿಯನ್ನು ಆಕೆ ಬಹುಪಾಲು ಗುಟ್ಟಾಗಿಯೇ ಇಟ್ಟಿದ್ದಳೆಂಬುದು ನನ್ನ ಇಂದಿನ ವಿಷಯಕ್ಕೆ ಮುಖ್ಯವಾದ ಸಂಗತಿ. ಔಷಧಿ ಪ್ರಾಣವನ್ನು ಉಳಿಸಿತು, ನಾಚಿಕೆಯನ್ನು ಕಳೆಯಲಿಲ್ಲ.

ಈಗ ನನ್ನ ಅಳಿಯನ ಕಥೆಗೆ ಮರಳುತ್ತೇನೆ. ಅವನು ಇಪ್ಪತ್ತನೆಯ ವಯಸ್ಸಿನಲ್ಲಿ ಕಾಲೇಜಿನ ಗೆಳೆಯರೊಡನೆ ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಕುಮಾರಪರ್ವತ ಹತ್ತಲು ಅಪ್ಪಣೆ ಕೇಳಿದ. 1,712 ಮೀಟರ್ ಎತ್ತರದ ಆ ಶಿಖರದ ಏರು ನಮ್ಮ ನಾಡಿನ ಕಠಿಣವಾದ ಏರುಗಳಲ್ಲಿ ಒಂದು. ತಂಗಿಯ ಗಂಡ ಗತಿಸಿದ ಮೇಲೆ ಆ ಮನೆಯಲ್ಲಿ ನನ್ನ ಮಾತೇ ಕೊನೆಯ ಮಾತು. ನಾನು ಬೇಡವೆಂದೆ. ಕಾರಣ ಹೇಳಲಿಲ್ಲ, ಕೇಳಲೂ ಇಲ್ಲ. "ನಿನ್ನ ತಾಯಿಯ ಮುಖ ನೋಡು" ಎಂದು ಮಾತ್ರ ಹೇಳಿದೆ. ಆ ಮಾತಿಗೆ ಯಾವ ಮಗನೂ ಉತ್ತರ ಕೊಡಲಾರ.

ಅವನು ಗೆಳೆಯನ ಊರಿನ ಜಾತ್ರೆಗೆಂದು ಹೇಳಿ ಹೊರಟ, ಮತ್ತು ಬೆಟ್ಟ ಹತ್ತಿದ.

ಏನಾಯಿತೆಂಬುದನ್ನು ಅವನೇ ಆರು ತಿಂಗಳ ಅನಂತರ ನನಗೆ ಹೇಳಿದ. ಜೊತೆಗಾರರು ಐವರು, ಅವರಲ್ಲಿ ಒಬ್ಬರಿಗೂ ಅವನ ವ್ಯಾಧಿಯ ವಿಷಯ ಗೊತ್ತಿರಲಿಲ್ಲ. ಬೆಳಿಗ್ಗೆ ಶೌಚಾಲಯದಲ್ಲಿ ಮರೆಯಾಗಿ ಎಂದಿನ ಪ್ರಮಾಣದ ಇನ್ಸುಲಿನ್ ಚುಚ್ಚಿಕೊಂಡ. ಉಪಾಹಾರ ತಡವಾಯಿತು. ಕೇಳಿದರೆ ಕಾರಣ ಹೇಳಬೇಕಾಗುತ್ತದೆಂದು ಸುಮ್ಮನಿದ್ದು, ಎರಡು ಇಡ್ಲಿ ತಿಂದು ಏರತೊಡಗಿದ. ದುಡಿಯುವ ಸ್ನಾಯುವು ರಕ್ತದ ಸಕ್ಕರೆಯನ್ನು ಬೇಗ ಬೇಗ ಹೀರಿಕೊಳ್ಳುತ್ತದೆ. ಚುಚ್ಚಿದ ಇನ್ಸುಲಿನ್ ಅದನ್ನು ಇನ್ನಷ್ಟು ಇಳಿಸುತ್ತದೆ. ಆರೋಗ್ಯವಂತನ ದೇಹ ಅಂಥ ಸಮಯದಲ್ಲಿ ತನ್ನ ಇನ್ಸುಲಿನ್ನನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಸೂಜಿಯಿಂದ ಒಳಗೆ ಹೋದದ್ದನ್ನು ಹಿಂದಕ್ಕೆ ಕರೆಯುವ ಉಪಾಯವಿಲ್ಲ. ಗಿರಿಗದ್ದೆಯನ್ನು ದಾಟಿ ಹುಲ್ಲುಗಾವಲಿನ ಏರು ಬಂದಾಗ ಅವನ ಕೈ ನಡುಗಿತು, ಬೆವರಿತು, ಮಾತು ತೊದಲಿತು. ಚೀಲದಲ್ಲಿ ಗ್ಲೂಕೋಸ್ ಇತ್ತು. ಆದರೆ ಸಕ್ಕರೆ ಬಹಳ ಇಳಿದಾಗ ಮೊದಲು ಮಂಕಾಗುವುದು ಬುದ್ಧಿಯೇ. ಚೀಲದಲ್ಲಿ ಗ್ಲೂಕೋಸ್ ಇದೆಯೆಂಬುದು ಅವನಿಗೆ ಹೊಳೆಯಲಿಲ್ಲ. ಬಂಡೆಯ ಮೇಲೆ ಕುಳಿತು ಸಂಬಂಧವಿಲ್ಲದ ಮಾತಾಡತೊಡಗಿದ. ಗೆಳೆಯರು ನಕ್ಕರು, ಬಿಸಿಲಿಗೆ ಸುಸ್ತಾದನೆಂದುಕೊಂಡರು. ಅವರಲ್ಲೊಬ್ಬ ಹುಡುಗ ತನ್ನ ಜೇಬಿನಲ್ಲಿದ್ದ ಕಡಲೆಮಿಠಾಯಿಯನ್ನು ಮುರಿದು ಅವನ ಬಾಯಿಗಿಟ್ಟ. ತಮಾಷೆಗೆ ಇಟ್ಟದ್ದಂತೆ. ಅದೂ ಒಂದು, ಮತ್ತೂ ಒಂದು. ಕಾಲು ಗಂಟೆಯಲ್ಲಿ ಅವನಿಗೆ ಲೋಕದ ಎಚ್ಚರ ಬಂದಿತು.

ವಾಚಕರೆ, ಆ ಕಡಲೆಮಿಠಾಯಿ ಇಲ್ಲದಿದ್ದರೆ? ಈ ಪ್ರಶ್ನೆಯನ್ನು ನಾನು ಅನೇಕ ರಾತ್ರಿ ಕೇಳಿಕೊಂಡಿದ್ದೇನೆ.

ಮೊದಲು ನನ್ನ ಸಿಟ್ಟು ಅವನ ಮೇಲೆ ಹರಿಯಿತು. ಅನಂತರ ತಪ್ಪಿನ ಎಳೆಯನ್ನು ಹಿಡಿದು ಹಿಂದಕ್ಕೆ ನಡೆದಾಗ, ಅದು ನನ್ನ ಮನೆಯ ಬಾಗಿಲಿಗೇ ಬಂದು ನಿಂತಿತು. ನಾನು ನಿಷೇಧಿಸಿದ್ದರಿಂದ ಅವನು ಬೆಟ್ಟವನ್ನು ಬಿಡಲಿಲ್ಲ, ಸತ್ಯವನ್ನು ಬಿಟ್ಟ. ಅಪ್ಪಣೆಯಿತ್ತಿದ್ದರೆ ವೈದ್ಯರನ್ನು ಕೇಳಿ, ಆ ದಿನದ ಇನ್ಸುಲಿನ್ ಎಷ್ಟು ತಗ್ಗಿಸಬೇಕು, ಎಷ್ಟು ಹೊತ್ತಿಗೊಮ್ಮೆ ಏನು ತಿನ್ನಬೇಕು ಎಂಬುದನ್ನು ತಿಳಿದು ಹೋಗುತ್ತಿದ್ದ. ಕಳ್ಳತನದಿಂದ ಹೋಗುವವನು ಸಿದ್ಧತೆಯನ್ನು ಮಾಡಲಾರ. ಸಿದ್ಧತೆಯೇ ಸುಳಿವು ಕೊಡುತ್ತದೆ. ಅಪಾಯದಿಂದ ಕಾಪಾಡಲೆಂದು ಆಡಿದ ಮಾತೇ ಅಪಾಯವನ್ನು ದುಪ್ಪಟ್ಟು ಮಾಡಿತು.

ಹಾಗೆಂದು ಅವನನ್ನು ನಾನು ಪೂರ್ತಿ ಬಿಟ್ಟುಕೊಡುವುದಿಲ್ಲ. "ಮಾವ, ನಾನು ಸುಳ್ಳು ಹೇಳಿದ್ದು ನಿಮಗೆ ಮಾತ್ರ, ಅವರಿಗೇನೂ ಸುಳ್ಳು ಹೇಳಲಿಲ್ಲ, ಹೇಳಲಿಲ್ಲ ಅಷ್ಟೆ" ಎಂದು ಅವನು ವಾದಿಸಿದ. ಈ ವಾದವನ್ನು ಒಪ್ಪಲಾಗದು. ಬೆಟ್ಟದ ಮೇಲೆ ಒಬ್ಬನು ಕುಸಿದರೆ ಉಳಿದ ಐವರೂ ಅವನನ್ನು ಹೊರಬೇಕು. ಹೊರುವವನಿಗೆ ತಾನು ಏನನ್ನು ಹೊರಬೇಕಾದೀತೆಂದು ಮೊದಲೇ ತಿಳಿಯುವ ಹಕ್ಕುಂಟು. ಒಬ್ಬನು ತನ್ನ ಪ್ರಾಣವನ್ನು ತಾನು ಪಣವಾಗಿಡುವುದು ಒಂದು ಮಾತು. ತಿಳಿಯದವರ ಹೆಗಲನ್ನು ತನ್ನ ಪಣದಲ್ಲಿ ಸೇರಿಸುವುದು ಇನ್ನೊಂದು ಮಾತು. ಹೇಳದೆ ಇರುವುದು ಕೆಲವು ಸಂದರ್ಭಗಳಲ್ಲಿ ಸುಳ್ಳಿಗಿಂತ ಭಾರವಾದುದು.

ಈ ವಿಷಯದಲ್ಲಿ ನೀರಿನೊಳಗೆ ಮುಳುಗುವ ಸಾಹಸಿಗಳಿಂದ ಕಲಿಯತಕ್ಕದ್ದುಂಟು. ನಮ್ಮ ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಬಳಿ ಈಗ ಯುವಕರು ಗಾಳಿಯ ಸಿಲಿಂಡರನ್ನು ಬೆನ್ನಿಗೆ ಕಟ್ಟಿಕೊಂಡು ಸಮುದ್ರದೊಳಗಿನ ಹವಳಗಳನ್ನೂ ಮೀನುಗಳನ್ನೂ ನೋಡಿಬರುತ್ತಾರಷ್ಟೆ. ಅಂಥ ಮುಳುಗಾಟವು ಇನ್ಸುಲಿನ್ ಪಡೆಯುವವರಿಗೆ ಬಹುಕಾಲ ನಿಷಿದ್ಧವೇ ಆಗಿತ್ತು. ನಿಷೇಧವಿದ್ದಾಗಲೂ ಅನೇಕರು ವ್ಯಾಧಿಯನ್ನು ಮುಚ್ಚಿಟ್ಟು ಮುಳುಗುತ್ತಿದ್ದರು, ನಮ್ಮ ಹುಡುಗ ಬೆಟ್ಟ ಹತ್ತಿದಂತೆಯೇ. 2005ರಲ್ಲಿ ಮುಳುಗುವಿಕೆಯ ವೈದ್ಯರು ಕೂಡಿ ಕುಳಿತು ನಿಷೇಧದ ಬದಲಿಗೆ ನಿಯಮಗಳನ್ನು ರಚಿಸಿದರು. ಇನ್ಸುಲಿನ್ ಆರಂಭಿಸಿ ಒಂದು ವರ್ಷವಾದರೂ ಆಗಿರಬೇಕು. ಹಿಂದಿನ ಒಂದು ವರ್ಷದಲ್ಲಿ ಇನ್ನೊಬ್ಬರ ನೆರವು ಬೇಕಾಗುವಷ್ಟು ಸಕ್ಕರೆ ಕುಸಿದಿರಬಾರದು. ನೀರಿಗಿಳಿಯುವ ಮುನ್ನ ಒಂದು ಗಂಟೆಯಿಂದಲೇ ಮೂರು ಸಲ ರಕ್ತ ಪರೀಕ್ಷಿಸಬೇಕು. ಸಕ್ಕರೆ 150ಕ್ಕಿಂತ ಕಡಿಮೆಯಿರಕೂಡದು, ಇಳಿಯುತ್ತಲೂ ಇರಕೂಡದು. 30 ಮೀಟರಿಗಿಂತ ಆಳಕ್ಕೆ, ಒಂದು ಗಂಟೆಗಿಂತ ಹೆಚ್ಚು ಹೊತ್ತು ಇರಬಾರದು. ಎಲ್ಲಕ್ಕಿಂತ ಮಿಗಿಲಾಗಿ, ಜೊತೆಯಲ್ಲಿ ಮುಳುಗುವವನಿಗೆ ವ್ಯಾಧಿಯ ವಿಷಯವೂ ಆಪತ್ತಿನಲ್ಲಿ ಮಾಡಬೇಕಾದ ಉಪಚಾರವೂ ತಿಳಿದಿರಬೇಕು. ಈ ಕೊನೆಯ ನಿಯಮವನ್ನು ಓದಿದಾಗ ನನಗೆ ಸಂತೋಷವಾಯಿತು. ನಿಷೇಧವು ಮನುಷ್ಯನನ್ನು ಕಳ್ಳನನ್ನಾಗಿ ಮಾಡಿತ್ತು. ಈ ನಿಯಮವು ಅವನ ಗುಟ್ಟನ್ನು ಜೊತೆಗಾರನ ಬಳಿ ಬಿಚ್ಚಿಸಿತು.

ಇಲ್ಲಿ ಕೆಲವರು ಆಕ್ಷೇಪಿಸಬಹುದು: "ಹೊಟ್ಟೆಪಾಡಿಗಾಗಿ, ಕರ್ತವ್ಯಕ್ಕಾಗಿ ಅಪಾಯಕ್ಕೆ ಒಡ್ಡಿಕೊಳ್ಳುವುದು ಸರಿ. ಕೇವಲ ಹವ್ಯಾಸಕ್ಕಾಗಿ ಬೆಟ್ಟ ಹತ್ತುವುದೇಕೆ? ಕಾಯಕವಲ್ಲದ ಕೆಲಸಕ್ಕೆ ಕಾಯವನ್ನು ಪಣವಿಡಬಹುದೆ?" ಆಕ್ಷೇಪ ಹಗುರವಾದುದಲ್ಲ. ನಾನೂ ಬಹುಕಾಲ ಹೀಗೆಯೇ ಯೋಚಿಸಿದವನು. ಆದರೆ ಪ್ರತಿವರ್ಷ ಯುಗಾದಿಯ ಮುನ್ನ ನಮ್ಮ ಉತ್ತರ ಕರ್ನಾಟಕದ ಊರೂರುಗಳಿಂದ ಸಾವಿರಾರು ಭಕ್ತರು ಶ್ರೀಶೈಲಕ್ಕೆ ನಡೆದುಹೋಗುತ್ತಾರೆ. ರಣಬಿಸಿಲಿನಲ್ಲಿ ನೂರಾರು ಮೈಲಿ ನಡೆದು, ನಲ್ಲಮಲದ ಕಾಡನ್ನು ಹಾಯುತ್ತಾರೆ. ಅವರಲ್ಲಿ ಸಕ್ಕರೆ ಕಾಯಿಲೆಯ ಹಿರಿಯರು ಎಷ್ಟು ಮಂದಿಯೋ! ಪಾದದ ಸ್ಪರ್ಶಜ್ಞಾನ ಕುಂದಿದವರು ಬರಿಗಾಲಿನಲ್ಲಿ ನಡೆದರೆ ಚುಚ್ಚಿದ ಮುಳ್ಳು ಗೊತ್ತಾಗುವುದಿಲ್ಲ. ಗಾಯ ಕೊಳೆತು ಕಾಲನ್ನೇ ತೆಗೆಯಬೇಕಾದ ಸಂದರ್ಭಗಳುಂಟು. ಅವರಿಗೆ ನಾವು ಬೇಡವೆನ್ನುತ್ತೇವೆಯೆ? ದಾರಿಯಲ್ಲಿ ಮಜ್ಜಿಗೆ ಕೊಟ್ಟು, ಕಾಲಿಗೆ ಬಿದ್ದು ಕಳುಹಿಸುತ್ತೇವೆ. ಅಕ್ಕ ಮಹಾದೇವಿ ಉಡುತಡಿಯಿಂದ ಕಲ್ಯಾಣಕ್ಕೂ, ಅಲ್ಲಿಂದ ಶ್ರೀಶೈಲದ ಕದಳಿಗೂ ಒಂಟಿಯಾಗಿ ನಡೆದಳೆಂಬುದನ್ನು ಕಣ್ಣಂಚಿನಲ್ಲಿ ನೀರು ತಂದುಕೊಂಡು ಕೇಳುವವರು ನಾವು. ಅಂದ ಮೇಲೆ ನಾವು ಆಕ್ಷೇಪಿಸುತ್ತಿರುವುದು ಅಪಾಯವನ್ನಲ್ಲ, ಉದ್ದೇಶವನ್ನು.

ಹಾಗಾದರೆ ಉದ್ದೇಶವನ್ನು ಅಳೆಯುವವರು ಯಾರು? "ಮೇಲೆ ಹತ್ತಿ ಏನು ನೋಡಿದೆ?" ಎಂದು ನಾನು ಅವನನ್ನು ವ್ಯಂಗ್ಯವಾಗಿ ಕೇಳಿದ್ದೆ. ಅವನು ಸ್ವಲ್ಪ ಹೊತ್ತು ಯೋಚಿಸಿ, "ಹದಿಮೂರನೇ ವಯಸ್ಸಿನಿಂದ ಈ ಮೈ ನನಗೆ ಬರಿಯ ಲೆಕ್ಕದ ಪುಸ್ತಕವಾಗಿತ್ತು, ಮಾವ. ಅವತ್ತು ಸುಸ್ತಾಗಿ ಬಿದ್ದೆ, ಹೌದು. ಅದಕ್ಕೆ ಮೊದಲು ಮೂರು ಗಂಟೆ ಅದು ನನ್ನ ಮೈ ಅನ್ನಿಸಿತ್ತು" ಎಂದ. ನನ್ನ ಬಳಿ ಉತ್ತರವಿರಲಿಲ್ಲ. ಕಾಯವನ್ನು ತಿರಸ್ಕರಿಸದೆ, ಅದನ್ನು ಸಾಧನವೆಂದೂ ಆಲಯವೆಂದೂ ಆದರಿಸಿದ ಶರಣರ ಪರಂಪರೆಯಲ್ಲಿ ಬೆಳೆದ ನಾನು, ಒಬ್ಬ ಹುಡುಗನಿಗೆ ಅವನ ಕಾಯವನ್ನು ಬರಿಯ ರೋಗವೆಂದೇ ಏಳು ವರ್ಷ ತೋರಿಸುತ್ತ ಬಂದಿದ್ದೆನಲ್ಲ!

ಈ ವ್ಯಾಧಿಯಿದ್ದೂ ಹೆಸರು ಮಾಡಿದವರು ಅನೇಕರುಂಟು. ಪಾಕಿಸ್ತಾನದ ವೇಗದ ಬೌಲರ್ ವಸೀಂ ಅಕ್ರಂ ಅವರಿಗೆ 1997ರಲ್ಲಿ, ಆಟದ ಮಧ್ಯವಯಸ್ಸಿನಲ್ಲಿ, ಇದು ಬಂದಿತು. ಅವರು 2003ರವರೆಗೆ ಆಡಿದರು. ಅಮೆರಿಕದ ಈಜುಗಾರ ಗ್ಯಾರಿ ಹಾಲ್ ಜೂನಿಯರ್ ಅವರಿಗೆ 1999ರಲ್ಲಿ ಬಂದಿತು. ಮರುವರ್ಷವೇ ಸಿಡ್ನಿ ಒಲಿಂಪಿಕ್ಸಿನಲ್ಲೂ, 2004ರಲ್ಲಿ ಅಥೆನ್ಸಿನಲ್ಲೂ 50 ಮೀಟರ್ ಈಜಿನಲ್ಲಿ ಚಿನ್ನ ಗೆದ್ದರು. ಆಸ್ಟ್ರಿಯಾದ ಗೇರಿ ವಿಂಕ್ಲರ್ ಎಂಬುವರು ಭೂಮಿಯ ಅತ್ಯಂತ ತಗ್ಗಾದ ನೆಲವಾದ ಮೃತಸಮುದ್ರದ ದಂಡೆಯಿಂದ ಸೈಕಲ್ಲಿನಲ್ಲಿ ಹೊರಟು, 2006ರ ಮೇ ತಿಂಗಳಲ್ಲಿ ಎವರೆಸ್ಟ್ ಶಿಖರವನ್ನು ಮುಟ್ಟಿದರು. ಕೆಲವೇ ದಿನಗಳಲ್ಲಿ ಅಮೆರಿಕದ ವಿಲ್ ಕ್ರಾಸ್ ಅವರೂ ಮುಟ್ಟಿದರು. ಇವರು ಅದಕ್ಕೆ ಮುಂಚೆ ಎರಡು ಸಲ ಹಿಂದಿರುಗಿದ್ದವರು. ಆ ಎರಡು ಸಲ ಹಿಂದಿರುಗಿದ ವಿಷಯವೇ ನನಗೆ ಹೆಚ್ಚು ಹಿಡಿಸುತ್ತದೆ.

ಇಂಥ ಹೆಸರುಗಳನ್ನು ಹೇಳುವಾಗ ಒಂದು ಎಚ್ಚರ ಅಗತ್ಯ. "ಅವರು ಎವರೆಸ್ಟನ್ನೇ ಹತ್ತಿದರು, ನಿನಗೇನು ಧಾಡಿ?" ಎಂದು ರೋಗಿಷ್ಠ ಮಗುವಿನ ಬೆನ್ನಿಗೆ ಈ ಕಥೆಗಳನ್ನು ಚಾಟಿಯಾಗಿ ಬೀಸುವವರನ್ನು ಕಂಡಿದ್ದೇನೆ. ಅದು 'ಎಲ್ಲಿಗೂ ಹೋಗಬೇಡ' ಎಂಬುದಕ್ಕಿಂತ ಕ್ರೂರವಾದುದು. ದಿನಕ್ಕೆ ನಾಲ್ಕು ಸಲ ಚುಚ್ಚಿಕೊಂಡು, ಪ್ರತಿ ತುತ್ತನ್ನೂ ಎಣಿಸಿ, ಶಾಲೆಗೆ ಹೋಗಿಬರುವ ಮಗು ದಿನವೂ ಸಾಕಷ್ಟು ಎತ್ತರವನ್ನು ಹತ್ತಿಯೇ ಇರುತ್ತದೆ. ಮತ್ತೊಂದು ಮಾತನ್ನೂ ಮರೆಯಬಾರದು. ರಕ್ತಪರೀಕ್ಷೆಯ ಪಟ್ಟಿಗಳಿಗೆ, ತೋಳಿಗೆ ಅಂಟಿಸುವ ಸೆನ್ಸರಿಗೆ ಹಣ ಬೇಕು. ತಾಲ್ಲೂಕಿನ ಅಂಗಡಿಯಲ್ಲಿ ಇನ್ಸುಲಿನ್ ಸಿಕ್ಕರೇ ಪುಣ್ಯವೆನ್ನುವ ಮನೆಗಳು ನಮ್ಮಲ್ಲಿವೆ. ಅಂಥ ಮನೆಯ ಮುಂದೆ ನಿಂತು ಸಾಹಸದ ಉಪದೇಶ ಮಾಡಲು ನನಗೆ ಬಾಯಿ ಬರುವುದಿಲ್ಲ.

ಯಾತ್ರೆಗೆ ಹೊರಡುವ ವ್ಯಾಧಿಸ್ಥನಿಗೆ ಬೇಕಾದ ನೇಮವೇನೆಂದು ನಾನು ಆಮೇಲೆ ವೈದ್ಯರಿಂದಲೂ ಅಳಿಯನಿಂದಲೂ ಕಲಿತೆ. ಕಲಿಯುತ್ತ ಹೋದಂತೆ ಇದು ವ್ರತವೊಂದರ ಅಚ್ಚುಕಟ್ಟಿಗೆ ಕಡಿಮೆಯಿಲ್ಲವೆನಿಸಿತು. ತೆರೆಯದ ಇನ್ಸುಲಿನ್ನನ್ನು 2ರಿಂದ 8 ಡಿಗ್ರಿ ತಂಪಿನಲ್ಲಿಡಬೇಕು. ಬಳಕೆಯಲ್ಲಿರುವುದು ಹೆಚ್ಚು ಸೆಖೆಯಿಲ್ಲದ ಜಾಗದಲ್ಲಿ ಸುಮಾರು ನಾಲ್ಕು ವಾರ ನಿಲ್ಲುತ್ತದೆ. ಫ್ರಿಜ್ಜಿಲ್ಲದ ಕಡೆ ಒಂದು ಮಣ್ಣಿನ ಮಡಕೆಯೊಳಗೆ ಇನ್ನೊಂದು ಮಡಕೆಯಿಟ್ಟು, ನಡುವೆ ಒದ್ದೆ ಮರಳು ತುಂಬಿ, ಅದರಲ್ಲಿಡಬಹುದು. ನಮ್ಮ ಅಜ್ಜಿಯರ ನೀರಿನ ಹರವಿಯ ಜ್ಞಾನವೇ ಇದು. ಹಿಮದ ನಾಡಿಗೆ ಹೋದರೆ ಅದರ ವಿರುದ್ಧದ ಚಿಂತೆ: ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಕೆಲಸಕ್ಕೆ ಬಾರದು. ಆದುದರಿಂದ ಒಳಅಂಗಿಯೊಳಗೆ ಮೈಗೆ ತಾಗಿಸಿ ಇಟ್ಟುಕೊಳ್ಳಬೇಕು. ವಿಮಾನದಲ್ಲಾದರೆ ಕೈಚೀಲದಲ್ಲಿಯೇ ಇರಬೇಕು. ನಮ್ಮ ದೇಶದ ಸೀಸೆಗಳಲ್ಲಿ ಮಿಲಿಲೀಟರಿಗೆ 40 ಯೂನಿಟ್ ಇರುವುದೇ ಸಾಮಾನ್ಯ, ಪೆನ್ನುಗಳಲ್ಲಿಯೂ ಪರದೇಶಗಳಲ್ಲಿಯೂ 100. ಕೆಂಪು ಮುಚ್ಚಳದ ಸಿರಿಂಜು ಮೊದಲನೆಯದಕ್ಕೆ, ಕಿತ್ತಳೆ ಮುಚ್ಚಳದ್ದು ಎರಡನೆಯದಕ್ಕೆ. ಇದನ್ನು ಅದಲುಬದಲು ಮಾಡಿದರೆ ಪ್ರಮಾಣ ಎರಡೂವರೆ ಪಟ್ಟು ಹೆಚ್ಚುಕಡಿಮೆಯಾಗುತ್ತದೆ, ಪ್ರಾಣಕ್ಕೇ ಸಂಚಕಾರ. ದಿನವಿಡೀ ನಡೆದ ಮೇಲೆ ರಾತ್ರಿ ನಿದ್ರೆಯಲ್ಲಿ ಸಕ್ಕರೆ ಇಳಿಯಬಹುದು. ಮಲಗುವ ಮುನ್ನ ನೋಡಿಕೊಳ್ಳಬೇಕು. ಎತ್ತರದ ಪರ್ವತಗಳಲ್ಲಿ ಗಾಳಿ ತೆಳುವಾಗಿ ಬರುವ ತಲೆನೋವು, ಮಂಪರು, ಓಕರಿಕೆಗಳೂ ಸಕ್ಕರೆ ಇಳಿದ ಲಕ್ಷಣಗಳೂ ಒಂದರಂತೆ ಒಂದು ಕಾಣುತ್ತವೆ. ಊಹೆಗೆ ಬಿಡದೆ ಪರೀಕ್ಷಿಸಿಯೇ ತಿಳಿಯಬೇಕು. ಮತ್ತು ಉಪವಾಸವಿರಲಿ, ವಾಂತಿಯಿರಲಿ, ಇನ್ಸುಲಿನ್ನನ್ನು ಪೂರ್ತಿ ನಿಲ್ಲಿಸಬಾರದು. ನಿಲ್ಲಿಸಿದರೆ ರಕ್ತ ಹುಳಿಯಾಗಿ ಒಂದೆರಡು ದಿನದಲ್ಲಿ ಜೀವಕ್ಕೆ ಬರುತ್ತದೆ.

ನಾವು ಇಷ್ಟಲಿಂಗವನ್ನು ಎದೆಯ ಮೇಲೆ ಧರಿಸಿದವರು. ಊರು ಬಿಟ್ಟರೂ ನೇಮ ಬಿಡದಿರಲೆಂದು ಗುಡಿಯನ್ನು ಮೈಯ ಮೇಲೆಯೇ ಕೊಟ್ಟಿದ್ದಾರೆ. ಹೊತ್ತುಹೊತ್ತಿಗೆ ತಪ್ಪದೆ, ರೈಲಿನಲ್ಲಿದ್ದರೂ ಗುಡಾರದಲ್ಲಿದ್ದರೂ, ತನ್ನ ನೇಮವನ್ನು ಜೊತೆಯಲ್ಲಿಯೇ ಹೊತ್ತು ನಡೆಯುವ ಈ ಹುಡುಗರನ್ನು ನೋಡಿದಾಗ ನನಗೆ ಆ ಹೋಲಿಕೆ ನೆನಪಾಗುತ್ತದೆ. ಹೋಲಿಕೆ ಅತಿಯಾಯಿತೆಂದು ಹಿರಿಯರು ಗದರಿಸಿದರೆ ತಲೆಬಾಗುತ್ತೇನೆ.

ಮನೆಯಲ್ಲಿ ಕುಳಿತಿರುವ ನಮ್ಮ ಪಾಲಿನ ಕೆಲಸವೂ ಉಂಟು, ಅದನ್ನು ಹೇಳದಿದ್ದರೆ ಈ ಲೇಖನ ಅನ್ಯಾಯವಾದೀತು. ಪಂಕ್ತಿಯ ವಿಷಯವನ್ನೇ ತೆಗೆದುಕೊಳ್ಳಿ. ಇಂಥವನು ಊಟಕ್ಕೆ ಮುಂಚೆ ಇನ್ಸುಲಿನ್ ತೆಗೆದುಕೊಂಡಿರುತ್ತಾನೆ. ಎಲೆ ಹಾಕಿದ ಮೇಲೆ ಭಾಷಣ ಮುಗಿಯಲೆಂದು, ಗಣ್ಯರು ಬರಲೆಂದು ಮುಕ್ಕಾಲು ಗಂಟೆ ಕೂಡಿಸಿದರೆ ಅವನ ಪಾಡೇನು? ಒಂದು ತುತ್ತು ಮೊದಲೇ ತಿಂದರೆ ಪಕ್ಕದವರ ಕಣ್ಣು ಕೆಂಪಾಗುತ್ತದೆ. ಹೋಳಿಗೆ ಬಡಿಸುವಾಗ ಒಬ್ಬರು "ಒಂದು ದಿನಕ್ಕೆ ಏನೂ ಆಗುವುದಿಲ್ಲ, ಪ್ರಸಾದ" ಎಂದು ಎರಡು ಹಾಕುತ್ತಾರೆ, ಇನ್ನೊಬ್ಬರು "ಅಯ್ಯೋ, ಅವನಿಗೆ ಸಕ್ಕರೆ" ಎಂದು ಎಲೆಯಿಂದ ಕಸಿಯುತ್ತಾರೆ. ಎರಡೂ ಅವನ ಕೆಲಸವಲ್ಲದೆ ನಮ್ಮದಲ್ಲ. ತಿನ್ನುವುದೆಷ್ಟು, ಅದಕ್ಕೆ ಇನ್ಸುಲಿನ್ ಎಷ್ಟು ಎಂಬ ಲೆಕ್ಕ ಅವನಿಗೆ ನಮಗಿಂತ ಚೆನ್ನಾಗಿ ಗೊತ್ತು. ಇನ್ನು ಅವನು ಬೆವರಿ, ನಡುಗಿ, ತೊದಲಿದಾಗ ಆ ಕ್ಷಣದ ಔಷಧಿ ಸಕ್ಕರೆಯೇ. ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಬೇಕು, ಕಾಲು ಗಂಟೆ ನೋಡಿ, ಚೇತರಿಸದಿದ್ದರೆ ಮತ್ತೆ ಕೊಡಬೇಕು. ಆ ಹೊತ್ತಿನಲ್ಲಿ "ಸಕ್ಕರೆ ರೋಗಿಗೆ ಸಕ್ಕರೆಯೆ!" ಎಂದು ಲೋಟ ಕಿತ್ತುಕೊಂಡವರನ್ನು ನಾನೇ ಬಲ್ಲೆ. ಎಚ್ಚರ ಪೂರ್ತಿ ತಪ್ಪಿದ್ದರೆ ಮಾತ್ರ ಬಾಯಿಗೆ ಏನನ್ನೂ ಹಾಕದೆ, ಮಗ್ಗುಲಾಗಿ ಮಲಗಿಸಿ, ಆಸ್ಪತ್ರೆಗೆ ಒಯ್ಯಬೇಕು. ಅಂಥ ಸಮಯಕ್ಕಾಗಿಯೇ ಗ್ಲೂಕಗಾನ್ ಎಂಬ ಚುಚ್ಚುಮದ್ದೂ ಉಂಟು.

ಎರಡು ವರ್ಷಗಳ ಹಿಂದೆ ಅವನು ಮತ್ತೆ ಅಪ್ಪಣೆ ಕೇಳಿದ. ಈ ಸಲ ಉತ್ತರಾಖಂಡದ ಕೇದಾರಕಂಠ. ಸುಮಾರು 3,800 ಮೀಟರ್ ಎತ್ತರ, ಚಳಿಗಾಲದ ಹಿಮ. ನಿಜ ಹೇಳಬೇಕೆಂದರೆ ನನ್ನ ಹೊಟ್ಟೆಯಲ್ಲಿ ಸಂಕಟವಾಯಿತು, ಇಂದಿಗೂ ಹಿಮದಲ್ಲಿ ಮಲಗುವ ಸುಖವೇನೆಂದು ನನಗೆ ಅರ್ಥವಾಗಿಲ್ಲ. ಬೇಡವೆನ್ನಲಿಲ್ಲ. ಯಾರು ಯಾರು ಜೊತೆಯವರೆಂದು ಕೇಳಿದೆ. ಅವರನ್ನೆಲ್ಲ ಮನೆಗೆ ಕರೆಸಿದ. ನನ್ನ ತಂಗಿ ಎಲ್ಲರಿಗೂ ರೊಟ್ಟಿ ಬಡಿಸಿ, ಆಮೇಲೆ ಗ್ಲೂಕಗಾನ್ ಪೆಟ್ಟಿಗೆಯನ್ನು ತೆರೆದು ಒಬ್ಬೊಬ್ಬರಿಂದಲೂ ಅದನ್ನು ಉಪಯೋಗಿಸುವ ಕ್ರಮವನ್ನು ಬಾಯಲ್ಲಿ ಹೇಳಿಸಿದಳು. ಕುಮಾರಪರ್ವತದಲ್ಲಿ ಕಡಲೆಮಿಠಾಯಿ ತಿನ್ನಿಸಿದ ಹುಡುಗನೂ ಅವರಲ್ಲಿದ್ದ. ತಾನು ಅಂದು ಏನು ಮಾಡಿದ್ದೆನೆಂಬುದು ಅವನಿಗೆ ಗೊತ್ತಾದದ್ದು ಆ ಸಂಜೆಯೇ. ಬಹಳ ಹೊತ್ತು ಮಾತನಾಡದೆ ಕುಳಿತಿದ್ದ.

ಶಿಖರದ ದಿನ ನಸುಕಿನಲ್ಲಿ ಹೊರಡುವ ಮುನ್ನ ಅಳಿಯನ ಸಕ್ಕರೆ ಇಳಿಯುತ್ತಿತ್ತು. ತಿಂದ, ಕಾದ, ಏರಿತು. ಒಂದು ಗಂಟೆ ನಡೆದ ಮೇಲೆ ಪುನಃ ಇಳಿಯಿತು. ತೋಳಿನ ಸೆನ್ಸರ್ ಒಂದು ಅಂಕಿ ತೋರಿಸಿದರೆ ಬೆರಳು ಚುಚ್ಚಿ ನೋಡಿದ ಯಂತ್ರ ಚಳಿಗೆ ಮರಗಟ್ಟಿ ಅಂಕಿಯನ್ನೇ ತೋರಿಸಲಿಲ್ಲ. ಅವನು ಹಿಂದಿರುಗುತ್ತೇನೆಂದ. ಒಬ್ಬನನ್ನೇ ಕಳುಹಿಸುವಂತಿರಲಿಲ್ಲ. ಆ ಕಡಲೆಮಿಠಾಯಿಯ ಹುಡುಗ ತಾನಾಗಿ ಅವನೊಡನೆ ಇಳಿದ. ಉಳಿದವರು ಮೇಲೆ ಹೋಗಿ ಸೂರ್ಯೋದಯ ನೋಡಿ ಬಂದರು.

ಈಗ ನನ್ನನ್ನು ಕಾಡುವುದು ಆ ಇನ್ನೊಬ್ಬ ಹುಡುಗನ ಸಂಗತಿ. ಅವನಿಗೆ ಯಾವ ವ್ಯಾಧಿಯೂ ಇಲ್ಲ. ಹಣ ಕೂಡಿಸಿ, ರಜೆ ಹಾಕಿ, ಅಷ್ಟು ದೂರ ಹೋಗಿ, ಶಿಖರವನ್ನು ಕಣ್ಣೆದುರಿಗಿಟ್ಟುಕೊಂಡು ಇಳಿದುಬಂದ. ಎಲ್ಲವನ್ನೂ ತಿಳಿದೇ ಹೋದವನು, ಆದುದರಿಂದ ಅನ್ಯಾಯವಾಯಿತೆನ್ನಲಾರೆ. ಆದರೂ ಆ ಬೆಳಗಿನ ಲೆಕ್ಕದಲ್ಲಿ ನಮ್ಮ ಮನೆಯ ಹೆಸರಿನಲ್ಲಿ ಒಂದು ಸಾಲ ಉಳಿದಿದೆಯೆಂದೇ ನನಗೆ ತೋರುತ್ತದೆ. ಅಳಿಯನನ್ನು ಕೇಳಿದರೆ, "ನಾನೂ ಅವನಿಗೆ ಹಾಗೇ ಅಂದೆ ಮಾವ, ಅವನು ಬೈದುಬಿಟ್ಟ" ಎನ್ನುತ್ತಾನೆ.

ಬರುವ ಡಿಸೆಂಬರಿನಲ್ಲಿ ಇಬ್ಬರೂ ಮತ್ತೆ ಅಲ್ಲಿಗೇ ಹೊರಟಿದ್ದಾರೆ. ಈ ಸಲ ಬೆರಳು ಚುಚ್ಚಿ ನೋಡುವ ಯಂತ್ರವನ್ನು ಬೆಚ್ಚಗೆ ಕಟ್ಟಿಕೊಳ್ಳಲೆಂದು ನನ್ನ ತಂಗಿ ಉಣ್ಣೆಯ ಒಂದು ಸಣ್ಣ ಚೀಲ ಹೆಣೆಯುತ್ತಿದ್ದಾಳೆ.